ಅಕ್ಕನ ಹೊಸ ಮನೆಗೆ ಎಲ್ಲರಿಗೂ ಸೇರಿ ಒಂದೇ ಉಡುಗೊರೆ: ಬೆಳೆದ ಮಕ್ಕಳಿರುವ ಸಂಸಾರಕ್ಕೆ ಏನು ಕೊಡಬಹುದು?

ಸರಸ್ವತಿಪುರಂ ತಂಗಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕ ಮತ್ತು ಭಾವ ಮಂಡ್ಯದಲ್ಲಿ ಕಟ್ಟಿಸುತ್ತಿರುವ ಮನೆಯ ಗೃಹಪ್ರವೇಶ ಕಾರ್ತಿಕ ಮಾಸದಲ್ಲಿದೆ. ನಾನು ಮತ್ತು ನನ್ನ ಇಬ್ಬರು ತಮ್ಮಂದಿರು ಸೇರಿ, ಒಟ್ಟು ಹನ್ನೆರಡು ಸಾವಿರ ರೂಪಾಯಿಯೊಳಗೆ, ಆ ಮನೆಯವರಿಗೆಲ್ಲ ಸಲ್ಲುವಂತಹ ಒಂದೇ ಉಡುಗೊರೆ ಕೊಡಬೇಕೆಂದು ನಿಶ್ಚಯಿಸಿದ್ದೇವೆ. ಅಕ್ಕನಿಗೆ ಸೀರೆ, ಭಾವನಿಗೆ ಪಂಚೆ, ಮಕ್ಕಳಿಗೆ ಬಟ್ಟೆ ಎಂದು ಬಿಡಿಬಿಡಿಯಾಗಿ ತರಕೂಡದೆಂದು ಅಕ್ಕ ಮೊದಲೇ ಹೇಳಿಬಿಟ್ಟಿದ್ದಾಳೆ. ಬೆಳ್ಳಿ ದೀಪ, ಗೋಡೆ ಗಡಿಯಾರ, ದೇವರ ಪಟಗಳು ಬೇರೆ ನೆಂಟರಿಂದ ಹೇಗೂ ಬರುತ್ತವೆ.

ಮನೆಯಲ್ಲಿ ಐದು ಜನರಿದ್ದಾರೆ. ಅಕ್ಕ, ಭಾವ, ಎಪ್ಪತ್ತು ದಾಟಿದ ಅಕ್ಕನ ಅತ್ತೆ, ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಮೊದಲ ವರ್ಷದ ಇಂಜಿನಿಯರಿಂಗ್ ಓದುತ್ತಿರುವ ಮಗಳು, ಎಸ್‌.ಎಸ್‌.ಎಲ್‌.ಸಿ.ಯಲ್ಲಿರುವ ಮಗ. ಮಕ್ಕಳು ಚಿಕ್ಕವರಾಗಿದ್ದಾಗ ಏನು ಕೊಟ್ಟರೂ ಕುಣಿಯುತ್ತಿದ್ದರು. ಈಗ ಅವರವರ ಅಭಿರುಚಿ ಬೇರೆ, ಹೊತ್ತು ಬೇರೆ. ಅಜ್ಜಿಗೆ ಒಪ್ಪುವುದು ಮೊಮ್ಮಗನಿಗೆ ಒಪ್ಪುವುದಿಲ್ಲ, ಮೊಮ್ಮಗನಿಗೆ ಬೇಕಾದದ್ದು ಭಾವನಿಗೆ ಅರ್ಥವಾಗುವುದಿಲ್ಲ. ಇಂತಹ ಮನೆಗೆ ಎಲ್ಲರೂ ತಮ್ಮದೆಂದುಕೊಳ್ಳುವ ಒಂದು ವಸ್ತು ಯಾವುದಿರಬಹುದು? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ವಿಜಯನಗರ ನಾಲ್ಕನೇ ಹಂತ

ಹೊಸ ಮನೆಗೆ ನೀರು ಶುದ್ಧೀಕರಣ ಯಂತ್ರ ಕೊಡಿ. ಐದು ಜನರೂ ದಿನವೂ ಬಳಸುತ್ತಾರೆ, ಸದಾ ನಿಮ್ಮನ್ನು ನೆನೆಯುತ್ತಾರೆ, ನಿಮ್ಮ ಹಣದ ಮಿತಿಯೊಳಗೂ ಬರುತ್ತದೆ.

ಮದ್ದೂರಿನ ನಿವೃತ್ತ ಶಿಕ್ಷಕ

ತಂಗಿಯವರ ಪ್ರಶ್ನೆ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಆಳವಾದದ್ದು. ನೀರಿನ ಯಂತ್ರ ಎಲ್ಲರಿಗೂ ಉಪಯೋಗವಾಗುತ್ತದೆ, ನಿಜ. ಆದರೆ ಅದು ಮನೆಯ ಅಗತ್ಯ. ನೀವು ಕೊಡದಿದ್ದರೂ ಭಾವನವರು ತರುತ್ತಾರೆ. ಎಲ್ಲರೂ ಬಳಸುವುದು ಬೇರೆ, ಎಲ್ಲರೂ ಕೂಡಿ ಬಳಸುವುದು ಬೇರೆ. ನೀವು ಹುಡುಕುತ್ತಿರುವುದು ಎರಡನೆಯದನ್ನು ಎಂದು ನಾನು ಭಾವಿಸಿದ್ದೇನೆ.

ವಸ್ತು ಯಾವುದೆಂದು ಹೇಳುವ ಮುಂಚೆ ಮುಯ್ಯಿಯ ವಿಷಯವನ್ನು ಪ್ರಸ್ತಾಪಿಸಬೇಕು. ಮಂಡ್ಯದ ಕಡೆ ಶುಭಕಾರ್ಯದಲ್ಲಿ ಮುಯ್ಯಿ ಬರೆಸುವ ಪದ್ಧತಿ ಇಂದಿಗೂ ಗಟ್ಟಿಯಾಗಿದೆ. ಚಪ್ಪರದ ಒಂದು ಬದಿಯಲ್ಲಿ ಮೇಜು ಹಾಕಿಕೊಂಡು, ನಂಬಿಕಸ್ಥರೊಬ್ಬರು ಪುಸ್ತಕದಲ್ಲಿ ಇಂಥವರು ಇಷ್ಟು ಮುಯ್ಯಿ ಮಾಡಿದರೆಂದು ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯ ಕಾರ್ಯ ಬಂದಾಗ ಆ ಪುಸ್ತಕ ತೆಗೆದು, ಅದಕ್ಕೆ ಕಡಿಮೆಯಾಗದಂತೆ ತೀರಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಕೈಯಲ್ಲಿ ಕಾಸಿಲ್ಲದವರೂ ಮಗಳ ಮದುವೆ ಮಾಡಿ ಮುಗಿಸಲು ಊರಿನವರು ಕಂಡುಕೊಂಡ ಮಾರ್ಗವದು. ಆದರೆ ನೀವು ಹನ್ನೆರಡು ಸಾವಿರದ ವಸ್ತುವನ್ನು ಚಪ್ಪರದಲ್ಲಿ ಎಲ್ಲರೆದುರು ಕೊಟ್ಟರೆ ಅದರ ಬೆಲೆಯೂ ಆ ಪುಸ್ತಕವನ್ನು ಸೇರುತ್ತದೆ. ನಿಮ್ಮ ಅಕ್ಕನ ಮನಸ್ಸಿನಲ್ಲಿ ಅಂದಿನಿಂದಲೇ ಅದು ತೀರಿಸಬೇಕಾದ ಬಾಕಿಯಾಗಿ ಕೂರುತ್ತದೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಗೃಹಪ್ರವೇಶದ ದಿನ ತವರಿನವರಾಗಿ ಅರಿಶಿನ ಕುಂಕುಮ, ತೆಂಗಿನಕಾಯಿ, ವೀಳ್ಯದೆಲೆ ಅಡಿಕೆಯೊಂದಿಗೆ ರವಿಕೆ ಕಣವಿಟ್ಟು, ಮೂವರ ಹೆಸರಿನಲ್ಲೂ ಐನೂರೊಂದೋ ಸಾವಿರದೊಂದೋ ರೂಪಾಯಿ ಮುಯ್ಯಿ ಬರೆಸಿ, ಸಂಪ್ರದಾಯವನ್ನು ಮುಗಿಸಿ. ಉಡುಗೊರೆಯನ್ನು ಅಂದು ಕೊಡಬೇಡಿ. ನೆಂಟರೆಲ್ಲ ಹೊರಟು, ಮನೆಯ ಐದು ಜನರೇ ಉಳಿದ ಒಂದು ಭಾನುವಾರ ಹೋಗಿ ಕೊಡಿ.

ಅಗ್ರಹಾರದ ಓದುಗ (ಮೈಸೂರು)

ಮೇಷ್ಟ್ರು ಹೇಳಿದ ‘ಕೂಡಿ ಬಳಸುವುದು’ ಎಂಬ ಮಾತಿಗೆ ನನ್ನ ಉತ್ತರ ಚೌಕಾಬಾರ. ಮೈಸೂರಿನವರಾಗಿದ್ದುಕೊಂಡು ಇದನ್ನು ಮರೆಯುವುದು ಸರಿಯಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಮನೆಯೊಳಗೆ ಕುಳಿತು ಆಡುವ ಆಟಗಳ ಬಗ್ಗೆ ವಿಶೇಷ ಆಸಕ್ತಿ ಇದ್ದವರು, ಹೊಸ ಆಟಗಳನ್ನು ರೂಪಿಸಿದವರು. ಇಸ್ಪೀಟಿನಂತೆ ಆಡುವ ಮೈಸೂರಿನ ದುಂಡು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಚೌಕಾಬಾರ, ಪಗಡೆ, ಅಳಗುಳಿಮಣೆ, ಆಡು ಹುಲಿ ಆಟಗಳನ್ನು ಮರದಲ್ಲಿ, ಬಟ್ಟೆಯಲ್ಲಿ ಮಾಡಿಸಿ ಪ್ರದರ್ಶನ ನಡೆಸಿಕೊಂಡು ಬಂದಿದ್ದಾರೆ. ಗಂಜೀಫಾ ಎಲೆಗಳು ನೋಡಲು ಎಷ್ಟು ಸುಂದರವಾದರೂ ಇಂದು ಆಡಲು ಬಲ್ಲವರು ವಿರಳ. ಆದ್ದರಿಂದ ಅವು ಗಾಜಿನ ಚೌಕಟ್ಟು ಸೇರುತ್ತವೆ. ಚೌಕಾಬಾರ ಹಾಗಲ್ಲ. ನಿಮ್ಮ ಅಕ್ಕನ ಅತ್ತೆಯವರಿಗೆ ಖಂಡಿತ ಗೊತ್ತಿರುತ್ತದೆ. ಅವರು ಅದನ್ನು ಕಟ್ಟೆಮನೆ ಎಂದೂ ಕರೆಯಬಹುದು.

ಆಟ ತಿಳಿಯದವರಿಗಾಗಿ ಬರೆಯುತ್ತೇನೆ. ಉದ್ದ ಐದು, ಅಗಲ ಐದು, ಒಟ್ಟು ಇಪ್ಪತ್ತೈದು ಮನೆಗಳು. ನಾಲ್ಕು ಬದಿಗೆ ನಾಲ್ಕು ಜನ. ತಲೆಗೆ ನಾಲ್ಕು ಕಾಯಿ. ನಾಲ್ಕು ಕವಡೆಗಳನ್ನು ಚೆಲ್ಲಿದಾಗ ನಾಲ್ಕೂ ಅಂಗಾತ ಬಿದ್ದರೆ ಚೌಕ, ಎಂದರೆ ನಾಲ್ಕು. ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂದರೆ ಎಂಟು. ಎರಡರಲ್ಲಿ ಯಾವುದು ಬಿದ್ದರೂ ಮತ್ತೊಮ್ಮೆ ಹಾಕುವ ಅವಕಾಶ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣಾಗುತ್ತದೆ. ಅದೃಷ್ಟ ಕವಡೆಯದು, ಲೆಕ್ಕಾಚಾರ ಆಡುವವನದು. ಆದ್ದರಿಂದಲೇ ಇದರಲ್ಲಿ ಅಜ್ಜಿ ಮೊಮ್ಮಗನನ್ನು ಸೋಲಿಸಬಲ್ಲಳು, ಸೋತ ಮೊಮ್ಮಗ ಮತ್ತೊಂದು ಆಟಕ್ಕೆ ಕೂರುತ್ತಾನೆ. ವಯಸ್ಸಿಗೆ ತಕ್ಕಂತೆ ರಿಯಾಯಿತಿ ಕೊಟ್ಟು ಆಡಿಸಬೇಕಾದ ಆಟ ಬೆಳೆದ ಮಕ್ಕಳಿಗೆ ರುಚಿಸುವುದಿಲ್ಲ. ಇಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಇಬ್ಬರು ಮಕ್ಕಳ ತಾಯಿ, ಕುವೆಂಪುನಗರ

ಅಗ್ರಹಾರದ ಸಹೋದರರ ಮಾತನ್ನು ಗೌರವಿಸುತ್ತೇನೆ. ನಮ್ಮ ಮನೆಯಲ್ಲೂ ಚೌಕಾಬಾರ ಇದೆ, ಬೇಸಿಗೆ ರಜೆಯಲ್ಲಿ ಅಜ್ಜಿ ಬಂದಾಗ ಆಡುತ್ತೇವೆ. ಆದರೂ ಒಂದು ಎಚ್ಚರಿಕೆ ಹೇಳಬೇಕೆನಿಸಿತು.

ಹದಿನೈದು ದಾಟಿದ ಮಕ್ಕಳು ಉಡುಗೊರೆಯ ಹಿಂದಿನ ಉದ್ದೇಶವನ್ನು ನಮಗಿಂತ ಬೇಗ ಗುರುತಿಸುತ್ತಾರೆ. ‘ಇದು ಬಂದರೆ ಇವರು ಮೊಬೈಲ್ ಬಿಡುತ್ತಾರೆ’, ‘ಇದರಿಂದ ಇವನಿಗೆ ಓದಿನಲ್ಲಿ ಗಮನ ಬರುತ್ತದೆ’, ‘ನಮ್ಮ ಸಂಸ್ಕೃತಿ ತಿಳಿಯುತ್ತದೆ’ ಎಂಬ ಲೆಕ್ಕದಲ್ಲಿ ಕೊಟ್ಟ ವಸ್ತುವನ್ನು ಅವರು ವಿನಯದಿಂದ ತೆಗೆದುಕೊಂಡು, ವಿನಯದಿಂದಲೇ ಕಪಾಟಿನಲ್ಲಿಡುತ್ತಾರೆ. ಅದೂ ಎಸ್‌.ಎಸ್‌.ಎಲ್‌.ಸಿ. ವರ್ಷದಲ್ಲಿ ಹುಡುಗನಿಗೆ ಬುದ್ಧಿಮಾತು ಹೇಳದ ನೆಂಟರೇ ಇರುವುದಿಲ್ಲ. ಅವನ ಚಿಕ್ಕಮ್ಮನ ಉಡುಗೊರೆಯೂ ಇನ್ನೊಂದು ಬುದ್ಧಿಮಾತಾಗಬಾರದು. ಯಾವುದನ್ನು ಆರಿಸಿದರೂ, ಅದನ್ನು ಕೊಡುವಾಗ ಅದರ ಪ್ರಯೋಜನದ ಬಗ್ಗೆ ಒಂದು ಮಾತನ್ನೂ ಆಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಹಾಸ್ಟೆಲ್ ವಿದ್ಯಾರ್ಥಿನಿ (ಮೈಸೂರು)

ನಾನು ಹೆಚ್ಚುಕಡಿಮೆ ತಮ್ಮ ಅಕ್ಕನ ಮಗಳ ವಯಸ್ಸಿನವಳು. ನನ್ನ ಊರು ಕೆ.ಆರ್. ಪೇಟೆ ಕಡೆ, ಶನಿವಾರ ಊರಿಗೆ ಹೋಗಿ ಭಾನುವಾರ ಸಂಜೆ ಹಿಂದಿರುಗುತ್ತೇನೆ. ಮಕ್ಕಳ ಪರವಾಗಿ ಎರಡು ಮಾತು ಹೇಳಲು ಅನುಮತಿ ಕೊಡಿ.

ಮನೆಯಿಂದ ದೂರವಿರುವವರಿಗೆ ಒಂದು ಸಣ್ಣ ಸಂಕಟವಿದೆ. ನಾವಿಲ್ಲದಾಗ ಮನೆಗೆ ಬಂದ ವಸ್ತು ನಮ್ಮದೆನಿಸುವುದಿಲ್ಲ. ಹೊಸ ಮನೆಯಲ್ಲಿ ಅದು ಇನ್ನೂ ಹೆಚ್ಚು. ಹಳೆ ಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದವರು ಹೊಸ ಮನೆಯಲ್ಲಿ ಲೋಟಕ್ಕೂ ಅಮ್ಮನನ್ನು ಕೇಳಬೇಕಾಗುತ್ತದೆ. ಆದ್ದರಿಂದ ಉಡುಗೊರೆಯನ್ನು ಆ ಹುಡುಗಿ ಊರಿನಲ್ಲಿರುವ ದಿನವೇ ಕೊಡಿ. ಸಾಧ್ಯವಾದರೆ ಅದನ್ನು ಹೇಗೆ ಬಳಸಬೇಕೆಂದು ಮೊದಲು ಮಕ್ಕಳಿಬ್ಬರಿಗೆ ತಿಳಿಯಲಿ, ಅವರು ದೊಡ್ಡವರಿಗೆ ಕಲಿಸಲಿ. ನಮ್ಮ ವಯಸ್ಸಿನವರಿಗೆ ಮನೆಯಲ್ಲಿ ಕಲಿಯುವ ಪಾಲು ಧಾರಾಳವಾಗಿ ಸಿಗುತ್ತದೆ. ಕಲಿಸುವ ಪಾಲು ಸಿಗುವುದು ಮೊಬೈಲಿನಲ್ಲಿ ಹಣ ಕಳುಹಿಸುವುದನ್ನು ತೋರಿಸಿಕೊಡುವಾಗ ಮಾತ್ರ.

ಕುಕ್ಕರಹಳ್ಳಿ ಪಕ್ಷಿವೀಕ್ಷಕ

ವಿದ್ಯಾರ್ಥಿನಿಯವರ ಮಾತು ಓದಿದ ಮೇಲೆ ನನ್ನ ಸಲಹೆಗೆ ಧೈರ್ಯ ಬಂತು. ಒಂದು ಒಳ್ಳೆಯ ದುರ್ಬೀನು ಕೊಡಿ. ಆಟಿಕೆ ಅಂಗಡಿಯದಲ್ಲ, ಹಕ್ಕಿ ನೋಡುವವರು ಬಳಸುವ ಬೈನಾಕ್ಯುಲರ್.

ಮಂಡ್ಯದವರಿಗೆ ಇದು ಹೇಳಿ ಮಾಡಿಸಿದ ವಸ್ತುವೆಂದು ನಾನು ಹೇಳುವುದಕ್ಕೆ ಕಾರಣವಿದೆ. ಒಂದು ಕಡೆ ಶ್ರೀರಂಗಪಟ್ಟಣದ ಪಕ್ಕದಲ್ಲಿ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ಆ ನಡುಗಡ್ಡೆಗಳು 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿವೆ. ಇನ್ನೊಂದು ಕಡೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಅಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರು ಆ ಹಕ್ಕಿಗಳನ್ನು ಭಾವಿಸುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ‘ಹೆಜ್ಜಾರ್ಲೆ ಬಳಗ’ ಎಂಬ ಊರಿನ ಯುವಕರ ಗುಂಪೂ ಅಲ್ಲಿದೆ. ಮೈಸೂರಿಗೆ ಬಂದರೆ ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳಿವೆ. ಇಷ್ಟನ್ನು ಒಂದೆರಡು ಗಂಟೆಯ ದಾರಿಯೊಳಗೆ ಇಟ್ಟುಕೊಂಡು ದುರ್ಬೀನಿಲ್ಲದೆ ಇರುವುದು ನನಗಂತೂ ನಷ್ಟವೆನಿಸುತ್ತದೆ.

ಇದು ಒಬ್ಬರ ವಸ್ತುವಲ್ಲವೇ ಎಂದು ಕೇಳಬಹುದು. ಒಂದು ಸಲ ಬಳಸಿ ನೋಡಿದವರಿಗೆ ಗೊತ್ತು: ಒಬ್ಬ ಕಂಡದ್ದನ್ನು ಪಕ್ಕದವನಿಗೆ ತೋರಿಸದೆ ಇರಲಾರ. ‘ಆ ಒಣಕೊಂಬೆಯ ಎಡಗಡೆ, ಎರಡನೆಯ ಗೂಡು, ಅಲ್ಲಿ ಕತ್ತೆತ್ತಿದೆ ನೋಡು’ ಎನ್ನುತ್ತ ಕೈಯಿಂದ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ತಮ್ಮ ಕಣ್ಣಿಗೆ ಅದನ್ನು ಹೊಂದಿಸಿಕೊಳ್ಳಬೇಕು. ಎರಡು ಕೊಳವೆಗಳ ನಡುವಿನ ಕೀಲನ್ನು ಮಡಿಸಿ ಕಣ್ಣುಗಳ ಅಂತರಕ್ಕೆ ತರಬೇಕು. ಮೊದಲು ಎಡಗಣ್ಣಿನಿಂದ ನೋಡುತ್ತ ನಡುವಿನ ಚಕ್ರ ತಿರುಗಿಸಿ ಬಿಂಬವನ್ನು ಸ್ಪಷ್ಟಗೊಳಿಸಬೇಕು. ಆಮೇಲೆ ಬಲಗಣ್ಣಿನ ಬಳಿಯಿರುವ ಸಣ್ಣ ಉಂಗುರವನ್ನು ತಿರುಗಿಸಿ ಎರಡೂ ಕಣ್ಣುಗಳ ವ್ಯತ್ಯಾಸವನ್ನು ಸರಿಪಡಿಸಬೇಕು. ಕನ್ನಡಕದವರು ಕಣ್ಣಿಗೊತ್ತುವ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿಕೊಂಡರೆ ಕನ್ನಡಕ ತೆಗೆಯಬೇಕಾಗಿಲ್ಲ. ಇವನ್ನೆಲ್ಲ ಅಜ್ಜಿಗೆ ಮಾಡಿಕೊಡುವ ಕೆಲಸ ಮೊಮ್ಮಕ್ಕಳದು. ವಿದ್ಯಾರ್ಥಿನಿಯವರು ಕೇಳಿದ ಕಲಿಸುವ ಪಾಲು ಇಲ್ಲಿ ತಾನಾಗಿ ಒದಗುತ್ತದೆ.

ಕೊಳ್ಳುವಾಗ ಅದರ ಮೇಲೆ 8 × 42 ಎಂದು ಬರೆದಿರುವುದನ್ನು ಆರಿಸಿ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಮಸೂರದ ಅಗಲ 42 ಮಿಲಿಮೀಟರ್ ಎಂದರ್ಥ. ಅಂಗಡಿಯವರು ಹನ್ನೆರಡು ಪಟ್ಟು, ಇಪ್ಪತ್ತು ಪಟ್ಟಿನದನ್ನು ಮುಂದೆ ಮಾಡಬಹುದು, ಬೇಡ. ಪಟ್ಟು ಹೆಚ್ಚಿದಷ್ಟೂ ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದೆ, ಕಾಣುವ ಹರವು ಕಿರಿದಾಗುತ್ತದೆ, ಹೊಸಬರಿಗೆ ಹಕ್ಕಿ ಸಿಗುವುದೇ ಇಲ್ಲ.

ಸರಸ್ವತಿಪುರಂ ತಂಗಿ (ಮೈಸೂರು)

ಇಷ್ಟು ಆಸ್ಥೆಯಿಂದ ಬರೆದವರಿಗೆಲ್ಲ ಕೃತಜ್ಞತೆಗಳು. ಕೆಲವು ವಿವರಗಳನ್ನು ಸೇರಿಸುತ್ತೇನೆ. ಹೊಸ ಮನೆ ಊರಿನ ಅಂಚಿನಲ್ಲಿದೆ. ತಾರಸಿಗೆ ಹತ್ತಿದರೆ ನಾಲೆಯ ಏರಿ, ಅದರಾಚೆ ಗದ್ದೆ ಬಯಲು ಕಾಣುತ್ತದೆ. ಮಗ ಮೊಬೈಲಿನಲ್ಲಿ ಚಿತ್ರ ತೆಗೆಯುವ ಹವ್ಯಾಸದವನು. ಅಕ್ಕನ ಅತ್ತೆಯವರಿಗೆ ಮಂಡಿನೋವು. ದೂರ ಹೋಗಲಾರರು, ಮೆಟ್ಟಿಲನ್ನು ಮಾತ್ರ ನಿಧಾನವಾಗಿ ಹತ್ತುತ್ತಾರೆ. ಅವರು ಹೆಚ್ಚು ಹೊತ್ತು ಅಡುಗೆಮನೆ ಮತ್ತು ಪಡಸಾಲೆಯಲ್ಲಿಯೇ ಇರುತ್ತಾರೆ. ದುರ್ಬೀನು ಬಂದರೆ ಅವರು ಹೊರಗುಳಿಯಬಹುದೇ ಎಂಬುದು ನನ್ನ ಆತಂಕ.

ಪಾಂಡವಪುರದ ಗೃಹಿಣಿ

ಹಿರಿಯರು ಹೆಚ್ಚು ಹೊತ್ತು ಅಡುಗೆಮನೆಯಲ್ಲಿರುತ್ತಾರೆ ಎಂದಿರಿ, ಆದ್ದರಿಂದ ಹೇಳುತ್ತೇನೆ: ಒಳ್ಳೆಯ ಶಾವಿಗೆ ಒರಳು ಕೊಡಿ. ಕೈಯಲ್ಲಿ ಹಿಡಿದು ತಿರುಗಿಸುವ ಚಕ್ಕುಲಿ ಒರಳಲ್ಲ. ಕಾಲುಗಳ ಮೇಲೆ ನಿಲ್ಲುವ, ಮೇಲಿನಿಂದ ಹಿಡಿ ತಿರುಗಿಸಿ ಒತ್ತುವ ಗಟ್ಟಿಮುಟ್ಟಾದ ಒರಳು.

ಒತ್ತುಶಾವಿಗೆ ಒಬ್ಬರಿಂದ ಆಗುವ ಅಡುಗೆಯಲ್ಲ. ಅಕ್ಕಿಹಿಟ್ಟನ್ನು ಕುದಿನೀರಿಗೆ ಹಾಕಿ ತೊಳಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಬೇಕು. ಬೆಂದ ಉಂಡೆ ಬಿಸಿಬಿಸಿಯಾಗಿರುವಾಗಲೇ ಒರಳಿಗೆ ಬೀಳಬೇಕು. ಆರಿತೆಂದರೆ ಬಿಗಿದುಕೊಳ್ಳುತ್ತದೆ, ಎಷ್ಟು ಒತ್ತಿದರೂ ಎಳೆ ಇಳಿಯುವುದಿಲ್ಲ. ಒಬ್ಬರು ಹಬೆಯಿಂದ ಉಂಡೆ ತೆಗೆದುಕೊಡುತ್ತಾರೆ, ಒಬ್ಬರು ಒರಳಿನ ಕಾಲುಗಳನ್ನು ಅದುಮಿ ಹಿಡಿಯುತ್ತಾರೆ, ತೋಳಿನಲ್ಲಿ ಕಸುವಿರುವವರು ಹಿಡಿ ತಿರುಗಿಸುತ್ತಾರೆ, ಇನ್ನೊಬ್ಬರು ಇಳಿಯುವ ಎಳೆಗಳ ಕೆಳಗೆ ತಟ್ಟೆಯನ್ನು ಸುತ್ತಿಸುತ್ತ ಸಿಂಬಿಯಂತೆ ಹಿಡಿಯುತ್ತಾರೆ. ಹಿಟ್ಟಿನ ಹದ ಹೇಳಲು ಹಿರಿಯರು ಬೇಕೇ ಬೇಕು. ಆಮೇಲೆ ಏಲಕ್ಕಿ ಹಾಕಿದ ಬೆಲ್ಲದ ಕಾಯಿಹಾಲು, ಎಳ್ಳುಪುಡಿ, ಖಾರ ಬೇಕೆನ್ನುವವರಿಗೆ ನಿಂಬೆಹಣ್ಣಿನ ಒಗ್ಗರಣೆ, ಬಾಡೂಟದವರಾದರೆ ಕೋಳಿಸಾರು. ನಿಮ್ಮ ಅಕ್ಕನ ಮಗಳು ಹಾಸ್ಟೆಲಿನಿಂದ ಬಂದ ಭಾನುವಾರ ಬೆಳಗ್ಗೆ ಐದು ಜನರೂ ಒಂದೇ ಒರಳಿನ ಸುತ್ತ ನಿಲ್ಲುತ್ತಾರೆ. ನಡುವೆ ಬಿಟ್ಟು ಮೊಬೈಲ್ ನೋಡಲು ಅಲ್ಲಿ ಯಾರ ಕೈಯೂ ಖಾಲಿ ಇರುವುದಿಲ್ಲ.

ಇಬ್ಬರು ಮಕ್ಕಳ ತಾಯಿ, ಕುವೆಂಪುನಗರ

ಓದುತ್ತಿದ್ದಂತೆ ಬಾಯಲ್ಲಿ ನೀರೂರಿತು. ಆದರೆ ಪಾಂಡವಪುರದ ಅಕ್ಕನವರು ಕ್ಷಮಿಸಬೇಕು, ಒಂದು ಸಂದೇಹವಿದೆ. ಅಡುಗೆಮನೆಗೆ ಕೊಟ್ಟ ವಸ್ತು ಕೊನೆಗೆ ಮನೆಯ ಹೆಂಗಸಿನ ಹೆಗಲಿಗೇ ಬೀಳುತ್ತದೆ. ಮೊದಲ ವಾರ ಎಲ್ಲರೂ ಒತ್ತುತ್ತಾರೆ; ಆಮೇಲೆ ‘ಅಮ್ಮ, ಶಾವಿಗೆ ಮಾಡು’ ಎಂದು ಹೇಳಿ ಟಿ.ವಿ. ಮುಂದೆ ಕೂರುತ್ತಾರೆ. ಅಂಟಿದ ಹಿಟ್ಟನ್ನು ಕಡ್ಡಿಯಿಂದ ಕೆದಕಿ ಒರಳನ್ನು ತೊಳೆಯುವವರು ಯಾರು? ಹೊಸ ಮನೆ ಕಟ್ಟಿಸಿ ದಣಿದಿರುವ ಅಕ್ಕನಿಗೆ ಇನ್ನೊಂದು ಕೆಲಸವನ್ನು ಉಡುಗೊರೆಯಾಗಿ ಕೊಡಬೇಕೇ ಎಂದು ಯೋಚಿಸಬೇಕು.

ಪಾಂಡವಪುರದ ಗೃಹಿಣಿ

ನಿಮ್ಮ ಮಾತು ನ್ಯಾಯವಾದದ್ದು, ಅದನ್ನು ಅಲ್ಲಗಳೆಯುವುದಿಲ್ಲ. ನಮ್ಮ ಮನೆಯಲ್ಲಿ ಹಿಡಿ ತಿರುಗಿಸುವವರೇ ಒರಳನ್ನು ನೆನೆಹಾಕಿ ತೊಳೆದಿಡಬೇಕೆಂಬ ಕಟ್ಟಳೆ ಮೊದಲಿನಿಂದ ನಡೆದುಬಂದಿದೆ. ನನ್ನ ಗಂಡನೂ ಮಗನೂ ಅದನ್ನು ತಪ್ಪಿಸಿದವರಲ್ಲ. ಆದರೆ ಎಲ್ಲ ಮನೆಗಳಲ್ಲೂ ಹಾಗಿರುತ್ತದೆಂದು ಹೇಳಲಾರೆ. ಆ ಮನೆಯ ರೀತಿ ತಂಗಿಯವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಹಾಗೆಯೇ, ಹಿರಿಯರಿರುವ ಮನೆಯಾದ್ದರಿಂದ ಹಳೆಯ ಒರಳೊಂದು ಈಗಾಗಲೇ ಅಟ್ಟದಲ್ಲಿರುವ ಸಂಭವವೂ ಉಂಟು, ವಿಚಾರಿಸಿ ನೋಡಿ.

ಹೆಬ್ಬಾಳು ನಿವಾಸಿ (ಮೈಸೂರು)

ಮೈಸೂರು ಮೃಗಾಲಯದಲ್ಲಿ ಪ್ರಾಣಿಯೊಂದನ್ನು ಆ ಕುಟುಂಬದ ಹೆಸರಿನಲ್ಲಿ ದತ್ತು ಪಡೆಯಬಹುದು. 1892ರಷ್ಟು ಹಳೆಯ ಸಂಸ್ಥೆಯದು. ದತ್ತು ಯೋಜನೆಯಿಂದ ಪ್ರಾಣಿಗಳ ಆಹಾರಕ್ಕೆ ನೆರವಾಗುತ್ತದೆ. ಮನೆಯಲ್ಲಿ ವಸ್ತುವಿಗೆ ಜಾಗ ಬೇಡ ಎನ್ನುವವರಿಗೆ ಇದು ಒಳ್ಳೆಯದು. ಮಂಗಳವಾರ ಮೃಗಾಲಯಕ್ಕೆ ರಜೆ ಎಂಬುದನ್ನು ನೆನಪಿಡಿ.

ಮದ್ದೂರಿನ ನಿವೃತ್ತ ಶಿಕ್ಷಕ

ದತ್ತು ಪುಣ್ಯದ ಕೆಲಸ, ಸಂಶಯವಿಲ್ಲ. ಮಕ್ಕಳು ಹತ್ತು ವರ್ಷದವರಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಬೆಳೆದ ಮಕ್ಕಳ ಕೈಗೆ ಕೆಲಸ ಬೇಕು, ಪ್ರಮಾಣಪತ್ರದಲ್ಲಿ ಕೆಲಸವಿಲ್ಲ.

ದುರ್ಬೀನಿನ ಬಗ್ಗೆ ಇದ್ದ ಆತಂಕಕ್ಕೆ ಉತ್ತರ ತಂಗಿಯವರ ವಿವರಣೆಯಲ್ಲೇ ಇದೆಯಲ್ಲವೇ? ತಾರಸಿಯಿಂದ ನಾಲೆ ಏರಿಯೂ ಗದ್ದೆಯೂ ಕಾಣುತ್ತದೆಂದರೆ ಹಿರಿಯರು ಎಲ್ಲಿಗೂ ಹೋಗಬೇಕಾಗಿಲ್ಲ. ಗದ್ದೆ ಕೆಲಸ ಮಾಡಿ ಬೆಳೆದ ಹೆಂಗಸರಿಗೆ ಹಕ್ಕಿಗಳ ವಿಷಯ ನಮ್ಮ ಪುಸ್ತಕಗಳಿಗಿಂತ ಹೆಚ್ಚು ತಿಳಿದಿರುತ್ತದೆ. ಉಳುವಾಗ ನೇಗಿಲ ಹಿಂದೆ ಬರುವ ಬೆಳ್ಳಕ್ಕಿ, ಬದುವಿನ ಮೇಲೆ ಅಲುಗಾಡದೆ ನಿಲ್ಲುವ ಕೊಳದ ಬಕ, ನೆಲದ ಮೇಲೆಯೇ ಮೊಟ್ಟೆಯಿಟ್ಟು ಹತ್ತಿರ ಹೋದವರ ತಲೆಯ ಮೇಲೆ ಕೂಗಾಡುವ ಟಿಟ್ಟಿಭ, ಇವೆಲ್ಲ ಅವರಿಗೆ ಹಳೆಯ ಪರಿಚಯ. ಮೊಮ್ಮಗ ದುರ್ಬೀನನ್ನು ಹೊಂದಿಸಿಕೊಡುತ್ತಾನೆ, ಕಂಡ ಹಕ್ಕಿ ಯಾವುದೆಂದು ಅಜ್ಜಿ ಹೇಳುತ್ತಾರೆ. ಅದರ ಇಂಗ್ಲಿಷ್ ಹೆಸರು, ವಿವರಗಳನ್ನು ಮೊಮ್ಮಗಳು ಹುಡುಕುತ್ತಾಳೆ. ಒಬ್ಬರಿಗೆ ಗೊತ್ತಿಲ್ಲದ್ದು ಇನ್ನೊಬ್ಬರ ಬಳಿ ಇರುವಾಗ ಯಾರೂ ಹೊರಗುಳಿಯುವುದಿಲ್ಲ.

ಅಗ್ರಹಾರದ ಓದುಗ (ಮೈಸೂರು)

ಮೇಷ್ಟ್ರ ವಾದ ಒಪ್ಪುವಂತಿದೆ. ಆದರೂ ಮಳೆಗಾಲದಲ್ಲಿ, ರಾತ್ರಿ ಹೊತ್ತಿನಲ್ಲಿ ದುರ್ಬೀನಿನಿಂದ ಏನು ಮಾಡುವುದು? ಮನೆಯವರೆಲ್ಲ ಒಟ್ಟಿಗೆ ಸಿಗುವುದೇ ರಾತ್ರಿ ಊಟದ ಹೊತ್ತಿಗೆ.

ಕುಕ್ಕರಹಳ್ಳಿ ಪಕ್ಷಿವೀಕ್ಷಕ

ಮಳೆಗಾಲದಲ್ಲಿ ಚೌಕಾಬಾರವೇ ಸರಿ, ಅದರಲ್ಲಿ ನಾನು ವಾದಿಸುವುದಿಲ್ಲ. ರಾತ್ರಿಯ ಮಾತಿಗೆ ಉತ್ತರವಿದೆ. ಅದೇ 8 × 42 ದುರ್ಬೀನಿನಿಂದ ಚಂದ್ರನ ಮೇಲಿನ ಕುಳಿಗಳು ಕಾಣುತ್ತವೆ. ಅದಕ್ಕೆ ಹುಣ್ಣಿಮೆಗಿಂತ ಅಷ್ಟಮಿಯ ಆಸುಪಾಸಿನ ಅರ್ಧಚಂದ್ರ ಮೇಲು, ಏಕೆಂದರೆ ಬೆಳಕು ಓರೆಯಾಗಿ ಬಿದ್ದು ಕುಳಿಗಳ ನೆರಳು ಎದ್ದು ಕಾಣುತ್ತದೆ. ಗುರುಗ್ರಹ ಆಕಾಶದಲ್ಲಿರುವ ತಿಂಗಳುಗಳಲ್ಲಿ ಮೊಣಕೈಗಳನ್ನು ತಾರಸಿಯ ಮೋಟುಗೋಡೆಯ ಮೇಲೆ ಊರಿ, ಅಲುಗಾಡದಂತೆ ನೋಡಿದರೆ ಅದರ ನಾಲ್ಕು ದೊಡ್ಡ ಚಂದ್ರರು ಚುಕ್ಕಿಗಳಂತೆ ಸಾಲಾಗಿ ಕಾಣುತ್ತವೆ. ಕೆಲವು ದಿನ ಒಂದೆರಡು ಮರೆಯಾಗಿರುವುದೂ ಉಂಟು. ಕೃತ್ತಿಕೆಯ ಗುಂಪನ್ನು ಬರಿಗಣ್ಣಿನಲ್ಲಿ ಎಣಿಸಿ, ಆಮೇಲೆ ದುರ್ಬೀನಿನಲ್ಲಿ ಎಣಿಸಲು ಹೇಳಿ. ಕಾರ್ತಿಕದಲ್ಲಿ ಅದು ಸಂಜೆಯ ಹೊತ್ತಿಗೆ ಪೂರ್ವದಲ್ಲಿರುತ್ತದೆ. ಒಂದು ಮಾತನ್ನು ಮಾತ್ರ ಮನೆಯವರಿಗೆಲ್ಲ ಖಡಾಖಂಡಿತವಾಗಿ ಹೇಳಬೇಕು: ಯಾವ ಕಾರಣಕ್ಕೂ ಅದರಿಂದ ಸೂರ್ಯನನ್ನು ನೋಡಬಾರದು, ಕಣ್ಣು ಹೋಗುತ್ತದೆ.

ಸರಸ್ವತಿಪುರಂ ತಂಗಿ (ಮೈಸೂರು)

ತಮ್ಮಂದಿರಿಬ್ಬರಿಗೂ ಈ ಚರ್ಚೆಯನ್ನು ಓದಿಸಿದೆ. ಮೂವರೂ ಕೂತು ಮಾತನಾಡಿ ದುರ್ಬೀನನ್ನೇ ಕೊಡುವುದೆಂದು ತೀರ್ಮಾನಿಸಿದ್ದೇವೆ. ಮುಯ್ಯಿಯನ್ನು ಮೇಷ್ಟ್ರು ಹೇಳಿದಂತೆ ಪ್ರತ್ಯೇಕವಾಗಿ ಬರೆಸುತ್ತೇವೆ. ಗೃಹಪ್ರವೇಶವಾದ ನಂತರ, ಅಕ್ಕನ ಮಗಳು ಊರಿಗೆ ಬರುವ ಭಾನುವಾರ ನೋಡಿಕೊಂಡು ಹೋಗಿ, ಮಕ್ಕಳಿಬ್ಬರ ಕೈಗೆ ಕೊಡುತ್ತೇವೆ. ದುರ್ಬೀನಿಗೆ ಆಗಿ ಉಳಿಯುವ ಹಣವನ್ನು, ಕೊಕ್ಕರೆಬೆಳ್ಳೂರಿನಲ್ಲಿ ಗೂಡುಗಳು ತುಂಬಿರುವ ಕಾಲದಲ್ಲಿ ಎರಡೂ ಮನೆಯವರು ಒಂದು ವಾಹನ ಮಾಡಿಕೊಂಡು ಹೋಗಿಬರಲು ಎತ್ತಿಡುತ್ತೇವೆ. ಊರ ಬೀದಿಯಲ್ಲೇ ಮರಗಳಿರುವುದರಿಂದ ಅಕ್ಕನ ಅತ್ತೆಯವರೂ ವಾಹನದಲ್ಲಿ ಕುಳಿತೇ ನೋಡಬಹುದೆಂಬ ಧೈರ್ಯವಿದೆ.

ಪಾಂಡವಪುರದ ಅಕ್ಕನವರ ಊಹೆ ನಿಜವಾಯಿತು. ಫೋನಿನಲ್ಲಿ ಬೇರೆ ಮಾತಿನ ನಡುವೆ ವಿಚಾರಿಸಿದಾಗ, ಹಳ್ಳಿಯ ಮನೆಯ ಅಟ್ಟದಲ್ಲಿ ಮರದ ಶಾವಿಗೆ ಒರಳೊಂದು ಇದೆಯೆಂದೂ, ಹೊಸ ಮನೆಗೆ ಅದನ್ನು ತರಲು ಅತ್ತೆಯವರು ಈಗಾಗಲೇ ಮಗನಿಗೆ ಹೇಳಿದ್ದಾರೆಂದೂ ತಿಳಿಯಿತು. ಆ ಭಾನುವಾರದ ತಿಂಡಿಗೆ ಒತ್ತುಶಾವಿಗೆ ಮಾಡಿಸಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಹಿಡಿ ತಿರುಗಿಸಲು ನನ್ನ ತಮ್ಮಂದಿರಿದ್ದಾರೆ, ತೊಳೆಯುವುದೂ ಅವರೇ.

ಇನ್ನೆರಡು ಪ್ರಶ್ನೆಗಳಿವೆ. ಅಂಗಡಿಯಲ್ಲಿ ದುರ್ಬೀನನ್ನು ಪರೀಕ್ಷಿಸುವುದು ಹೇಗೆ? ಹಾಸ್ಟೆಲಿಗೆ ಮಗಳು ಒಯ್ಯುವಳೋ, ಮನೆಯಲ್ಲಿ ಮಗ ಇಟ್ಟುಕೊಳ್ಳುವನೋ ಎಂಬ ಜಗಳ ಬಂದರೆ ಏನು ಹೇಳುವುದು?

ಹಾಸ್ಟೆಲ್ ವಿದ್ಯಾರ್ಥಿನಿ (ಮೈಸೂರು)

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹಾಸ್ಟೆಲಿಗೆ ಒಯ್ಯುವುದು ಬೇಡವೆಂದು ನೀವೇ ಮೊದಲಾಗಿ ಹೇಳದಿರಿ. ಅದು ಮನೆಯದೆಂದು ಒಂದು ಮಾತು ಹೇಳಿ, ಉಳಿದದ್ದನ್ನು ಅಕ್ಕತಮ್ಮಂದಿರಿಗೆ ಬಿಡಿ. ಆಕೆ ಗೆಳತಿಯರೊಂದಿಗೆ ರಂಗನತಿಟ್ಟಿಗೆ ಹೋಗುವಾಗ ಬೇಕೆಂದರೆ ತಮ್ಮನನ್ನು ಕೇಳುತ್ತಾಳೆ, ತಮ್ಮ ಶಾಲಾ ಪ್ರವಾಸಕ್ಕೆ ಬೇಕೆಂದರೆ ಅಕ್ಕನನ್ನು ಕೇಳುತ್ತಾನೆ. ಅಷ್ಟನ್ನು ನಾವು ತೀರ್ಮಾನಿಸಿಕೊಳ್ಳಬಲ್ಲೆವು.

ಕುಕ್ಕರಹಳ್ಳಿ ಪಕ್ಷಿವೀಕ್ಷಕ

ಬಹಳ ಸಂತೋಷವಾಯಿತು. ಪರೀಕ್ಷಿಸುವ ಕ್ರಮ ಇಷ್ಟೆ. ಅಂಗಡಿಯ ಒಳಗೆ ನೋಡಬೇಡಿ, ಬಾಗಿಲ ಬಳಿ ಬಂದು ರಸ್ತೆಯಾಚೆಯ ನಾಮಫಲಕದ ಅಕ್ಷರಗಳನ್ನು ನೋಡಿ. ಎರಡು ಬಿಂಬಗಳು ಒಂದಾಗಿ ಕಾಣಬೇಕು. ಒಂದರ ಮೇಲೊಂದು ಸರಿದಂತೆ ಕಂಡರೆ ಅಥವಾ ಸ್ವಲ್ಪ ಹೊತ್ತಿಗೇ ಹಣೆ ನೋಯಲಾರಂಭಿಸಿದರೆ ಆ ಜೊತೆ ಬೇಡ. ನಡುವಿನ ಚಕ್ರ ಸಡಿಲವಾಗಿಯೂ ಇರಬಾರದು, ಬಿಗಿಯಾಗಿಯೂ ಇರಬಾರದು. ನಿಮ್ಮ ತಮ್ಮಂದಿರಲ್ಲಿ ಕನ್ನಡಕದವರಿದ್ದರೆ ಅವರನ್ನೂ ಕರೆದೊಯ್ಯಿರಿ.

ತೂಕ ಮುಕ್ಕಾಲು ಕಿಲೋ ಮೀರದಿದ್ದರೆ ಹಿರಿಯರ ಕೈಗೂ ಕಷ್ಟವಾಗುವುದಿಲ್ಲ. ತಾರಸಿಯಲ್ಲಿ ಅವರಿಗೊಂದು ಕುರ್ಚಿ ಹಾಕಿ, ಮೋಟುಗೋಡೆಗೆ ಕೈ ಆನಿಸಿ ಕೂರುವಂತೆ ಮಾಡಿ. ಕುತ್ತಿಗೆಗೆ ಪಟ್ಟಿ ಹಾಕಿಕೊಳ್ಳದೆ ಯಾರೂ ಅದನ್ನು ಕೈಗೆ ತೆಗೆದುಕೊಳ್ಳದಿರಲಿ. ಮಸೂರವನ್ನು ಸೆರಗಿನಿಂದಲೋ ಅಂಗಿಯ ಅಂಚಿನಿಂದಲೋ ಒರೆಸಬಾರದು. ಮೊದಲು ಧೂಳನ್ನು ಊದಿ, ಆಮೇಲೆ ಜೊತೆಯಲ್ಲಿ ಕೊಟ್ಟಿರುವ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು. ನಾಲೆಯ ಪಕ್ಕದ ಮನೆಯಾದ್ದರಿಂದ ಮಳೆಗಾಲದಲ್ಲಿ ತೇವಕ್ಕೆ ಮಸೂರದೊಳಗೆ ಬೂಷ್ಟು ಹಿಡಿಯುವ ಸಂಭವವಿದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಲು ಹೇಳಿ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಪೊಟ್ಟಣಗಳೇ ಸಾಕು. ಗೃಹಪ್ರವೇಶದ ಹೊತ್ತಿಗೆ ಆ ಮನೆಯಲ್ಲಿ ಅವಕ್ಕೆ ಕೊರತೆಯಿರುವುದಿಲ್ಲ.